ಎಡಸೊಂಟದ ಕೆಸರು

ನಾನು ಸುಳ್ಳು ಹೇಳುವ ಆಸಾಮಿಯಲ್ಲ. ಹೇಳಿದ್ದು ಒಂದೇ ಸಲ. ವಿಕ್ಟೋರಿಯಾ ರಾಣಿಯ ಕಾಲ. ಯಾರ್ಕ್‌ಶೈರಿನ ನಮ್ಮ ಗಿರಣಿಯ ರಗ್ಬಿ ತಂಡದಲ್ಲಿ ಎರಡೂ ಕಡೆಯವರು ಗುಂಪಾಗಿ ಬಗ್ಗಿ ಎದುರುಬದುರು ನೂಕಾಡುವಾಗ ಸೇತ್ ನನ್ನ ಹಿಂದೆ ನಿಂತು, ನನ್ನ ಎಡಸೊಂಟಕ್ಕೆ ತಲೆ ಕೊಟ್ಟು ತಳ್ಳುತ್ತಿದ್ದ. ಒಂದು ಶನಿವಾರ ನೂಕಾಟದ ನಡುವೆ, "ನಿಲ್ಸೋ ಜೇಬೆಜ್, ಕತ್ತು ಹೋಯ್ತು!" ಎಂದು ಕೂಗಿದ. ಕೇಳಿಸಿತ್ತು. ಗೆಲ್ಲುವ ಹುಚ್ಚಿಗೆ ನಾನು ನಿಲ್ಲಿಸಲಿಲ್ಲ. ಬುಧವಾರ ಅವನನ್ನು ಮಣ್ಣು ಮಾಡಿದೆವು.

ಮುಂದಿನ ಶನಿವಾರ ಅವನ ಗೌರವಕ್ಕೆ ಜಾಗ ಖಾಲಿ ಬಿಟ್ಟು ಹದಿನಾಲ್ಕೇ ಜನ ಆಡಿದೆವು. ಮೈದಾನ ಹೆಪ್ಪುಗಟ್ಟಿ ಕಲ್ಲಾಗಿತ್ತು. ಹಿಡಿ ಕೆಸರೂ ಇರಲಿಲ್ಲ. ಆದರೂ ಆಟವಿಡೀ ನನ್ನ ಎಡಸೊಂಟಕ್ಕೆ ಒದ್ದೆ ತಲೆಯೊಂದು ಒತ್ತುತ್ತಲೇ ಇತ್ತು.

ತಂಡದ ಬಟ್ಟೆ ಒಗೆಯುತ್ತಿದ್ದವಳು ಸೇತ್‌ನ ತಾಯಿ. ಸೋಮವಾರ ನನ್ನ ಚಡ್ಡಿ ಹಿಡಿದು ಮನೆಗೇ ಬಂದಳು. ಎಡಸೊಂಟದ ಮೇಲೆ ಕೆಸರಿನಲ್ಲಿ ಕಿವಿಯ ಅಚ್ಚು. ಸೇತ್‌ನ ಕಿವಿಯಂತೆಯೇ ತುದಿ ಹರಿದದ್ದು.

"ಮೂರು ಸಲ ಒಗೆದೆ ಕಣಪ್ಪಾ, ಹೋಗ್ತಿಲ್ಲ. ಆವತ್ತು ನನ್ನ ಮಗ ಏನಾದ್ರೂ ಕೂಗಿದ್ನಾ?"

"ಇಲ್ಲಮ್ಮಾ," ಅಂದೆ.

ಎಡಸೊಂಟ ಮತ್ತೆ ಒದ್ದೆಯಾಯಿತು.