ಮೂರು, ಎಂಟು ಮತ್ತು ಹುರಿದ ಬೀಜಗಳು

"ಮಾವ, ನನ್ನ ಬೀಜ ಎಲ್ಲಾ ಹುರಿದು ಹೋದ್ವು!"

ತಂಗಿಯ ಮಗಳು ಬಾಗಿಲಲ್ಲೇ ಕುಸಿದು ಕೂತಾಗ ಕಾಂಪೌಂಡರು ಮದ್ದಿನ ಬಾಟಲಿ ಕೆಳಗಿಟ್ಟು ಎದ್ದರು. ಊರವರ ಹೊಟ್ಟೆನೋವಿಗೆಲ್ಲ ಮದ್ದು ಕೊಟ್ಟವರಿಗೆ ಮನೆಯ ಹುಡುಗಿಯ ಅಳುವಿಗೆ ಏನು ಕೊಡಬೇಕೆಂದು ತೋಚಲಿಲ್ಲ. ಅವಳನ್ನು ನೇರ ಗಡಿಯಾರದವರ ಅಂಗಡಿಗೆ ಕರೆದೊಯ್ದರು. ಗಡಿಯಾರ ರಿಪೇರಿ ಅವರ ಕಸುಬು, ಪತ್ತೇದಾರಿ ಅವರ ಚಟ. ಅವರ ಬೆನ್ನು ಹತ್ತಿ ಸುತ್ತುವುದು ಹತ್ತು ವರ್ಷದಿಂದ ಕಾಂಪೌಂಡರ ಚಟ.

"ಇನ್ನೆಲ್ಲೂ ಸಿಗದ ತಳಿ. ಮೂರು ವರ್ಷದ ಕೆಲಸ. ಗುರುವಾರ ಊಟ ಮುಗಿಸಿ ಬರೋದ್ರಲ್ಲಿ ಕರಕಲು. ನಾನೇ ಸ್ವಿಚ್ ಬದಲಾಯಿಸಿದ್ದು ಅಂತ ಕೆಲಸದಿಂದ ತೆಗೀತಿದ್ದಾರೆ," ಎಂದು ಅವಳು ಪತ್ರ ಚಾಚಿದಳು. ಅವಳು ಕೆಲಸ ಮಾಡುವ ಬೀಜ ಪ್ರಯೋಗಾಲಯದ ಮುಖ್ಯಸ್ಥರ ಹಸಿರು ಶಾಯಿಯ ಸಹಿ ಗೆರೆ ಬಿಟ್ಟು ಕೆಳಗೆ ಜಾರಿತ್ತು.

ಮೂವರೂ ಪ್ರಯೋಗಾಲಯಕ್ಕೆ ಹೋದರು. ಅಲ್ಲಿ ಬೀಜ ಒಣಗಿಸುವ ಒಂದು ಬಿಸಿ ಪೆಟ್ಟಿಗೆ, ಒಂದು ತಣ್ಣನೆಯ ಪೆಟ್ಟಿಗೆ, ಎರಡಕ್ಕೂ ಒಂದೊಂದು ಉಷ್ಣಮಾಪಕ. ಒಂದೇ ದಪ್ಪ ಕೇಬಲ್ಲು ಅವೆರಡನ್ನೂ ಕಂಪ್ಯೂಟರಿನ ಕಂಟ್ರೋಲರಿಗೆ ಜೋಡಿಸಿತ್ತು. ಕಂಟ್ರೋಲರು ಮಾಪಕಗಳನ್ನು ನಂಬರಿನಿಂದ ಕರೆಯುತ್ತದೆ. ನಂಬರು ಹಾಕುವುದು ಮಾಪಕದ ಬೆನ್ನಿನ ಪುಟ್ಟ ಸ್ವಿಚ್ಚುಗಳಿಂದ. ಗೋಡೆಯ ಮೇಲಿನ ಇಂಗ್ಲಿಷ್ ಅಂಕಿಗಳ ಚೀಟಿಯ ಪ್ರಕಾರ ಬಿಸಿಗೆ ಮೂರು, ತಣ್ಣಗಿನದಕ್ಕೆ ಎಂಟು. ಈಗ ಅದಲುಬದಲಾಗಿತ್ತು. ಕಂಟ್ರೋಲರು ಮೂರನ್ನು ಕೇಳಿದಾಗ ತಣ್ಣನೆಯ ಪೆಟ್ಟಿಗೆ ಉತ್ತರಿಸಿತ್ತು. ಬಿಸಿ ಸಾಲದೆಂದು ಕಂಟ್ರೋಲರು ಬಿಸಿ ಪೆಟ್ಟಿಗೆಯನ್ನು ಇನ್ನಷ್ಟು ಕಾಯಿಸುತ್ತಲೇ ಹೋಗಿತ್ತು.

"ಗುರುವಾರ ಮಧ್ಯಾಹ್ನದವರೆಗೆ ಎಲ್ಲಾ ಸರಿಯಾಗೇ ಇತ್ತು. ಅವತ್ತು ಇಲ್ಲಿ ಇದ್ದವಳು ಇವಳೊಬ್ಬಳೇ," ಎಂದರು ಮುಖ್ಯಸ್ಥರು. ಅವಳಿಗೆ ಕೈಹಿಡಿದು ಕೆಲಸ ಕಲಿಸಿದವರು ಅವರೇ.

ಗಡಿಯಾರದವರು ಕಣ್ಣಿಗೆ ಮಸೂರ ಸಿಕ್ಕಿಸಿ ಮಾಪಕಗಳ ಬೆನ್ನು ನೋಡಿದರು. ಕಾಂಪೌಂಡರೂ ಇಣುಕಿದರು. ಸ್ವಿಚ್ಚುಗಳ ತುದಿಯಲ್ಲಿ ಹಸಿರು ಚುಕ್ಕೆಗಳಿದ್ದವು.

"ಕರೆಂಟು ಯಾವಾಗಾದ್ರೂ ಹೋಗಿತ್ತಾ?" ಎಂದು ಗಡಿಯಾರದವರು ಕೇಳಿದರು.

"ಗುರುವಾರ ಊಟದ ಹೊತ್ತಲ್ಲಿ ಎಲೆಕ್ಟ್ರಿಷಿಯನ್ ಎರಡು ನಿಮಿಷ ಮೈನ್ ಆಫ್ ಮಾಡಿದ್ದ," ಎಂದಳು ಹುಡುಗಿ.

"ಇದರ ಹಿಂದೆ ಕೈಹಾಕೋರು ಯಾರು?"

"ತಿಂಗಳ ತಪಾಸಣೆಗೆ ಸರ್ ಒಬ್ರೇ," ಎಂದು ಅವಳು ಮುಖ್ಯಸ್ಥರತ್ತ ನೋಡಿದಳು. " ಈ ಸಲ ಸೋಮವಾರ ಮಾಡಿದ್ರು."

ಮರುದಿನ ಬೆಳಿಗ್ಗೆ ಗಡಿಯಾರದವರು ಎಲ್ಲರನ್ನೂ ಅಲ್ಲೇ ಸೇರಿಸಿ, ಬಿಸಿ ಪೆಟ್ಟಿಗೆಯ ಮಾಪಕದ ಸ್ವಿಚ್ಚನ್ನು ಐದಕ್ಕೆ ತಿರುವಿದರು. ಕಂಪ್ಯೂಟರಿನಲ್ಲಿ ಏನೂ ಬದಲಾಗಲಿಲ್ಲ. ಆಮೇಲೆ ಮಾಪಕವನ್ನು ಆರಿಸಿ ಮತ್ತೆ ಹಚ್ಚಿದರು. ಈಗ ಅದು ಐದೆಂದು ಕರೆದರೆ ಮಾತ್ರ ಉತ್ತರಿಸಿತು.

"ನೋಡಿದ್ರಾ? ಕರೆಂಟು ಬಂದಾಗ ಮಾತ್ರ ಇದು ತನ್ನ ನಂಬರು ಓದಿಕೊಳ್ಳುತ್ತೆ. ಅಂದ್ರೆ ಗುರುವಾರದ ಅನಾಹುತಕ್ಕೆ ಕೈ ಆಡಿದ್ದು ಮೊದಲೇ, ಸೋಮವಾರ. ಹಸಿರು ಪೆನ್ನಿನ ತುದಿಯಿಂದ. ಮಂಜಾದ ಕಣ್ಣಿಗೆ ಚೀಟಿಯ ಮೂರು ಎಂಟಾಗಿ, ಎಂಟು ಮೂರಾಗಿ ಕಂಡಿದೆ. ತಪ್ಪು ತಿದ್ತಿದ್ದೀನಿ ಅಂದುಕೊಂಡೇ ಸರ್ ತಪ್ಪು ಮಾಡಿದ್ದಾರೆ. ಆ ಪತ್ರದ ಸಹಿ ಗೆರೆ ತಪ್ಪಿದ್ದೂ ಅದೇ ಕಣ್ಣಿನಿಂದ."

ಮುಖ್ಯಸ್ಥರು ಕುರ್ಚಿ ತಡಕಿ ಕೂತರು. "ಕಣ್ಣು ಹೋಗ್ತಿದೆ ಅಂದ್ರೆ ಮನೆಗೆ ಕಳಿಸ್ತಾರೆ. ಗುರುವಾರದಿಂದ ಅನುಮಾನ ಇತ್ತಮ್ಮಾ... ಹೇಳೋಕೆ ಬಾಯಿ ಬರಲಿಲ್ಲ."

ಕಾಂಪೌಂಡರಿಗೆ ಬೈಯಬೇಕೆನಿಸಿತು, ಆಗಲಿಲ್ಲ. ಹುಡುಗಿಯ ಕೆಲಸ ಉಳಿದಿತ್ತು. ಬೀಜಗಳು ಕಪ್ಪಗೆ ತಟ್ಟೆಯಲ್ಲಿದ್ದವು. ಅವಕ್ಕೆ ಗಡಿಯಾರದವರ ಬಳಿಯೂ ರಿಪೇರಿ ಇರಲಿಲ್ಲ.

ತಪ್ಪೊಪ್ಪಿಗೆಯ ಕಾಗದ ಮುಖ್ಯಸ್ಥರ ಮುಂದೆ ಬಂತು. ಹಸಿರು ಪೆನ್ನು ಕಾಗದದ ಮೇಲೆ ಅಲೆದಾಡಿತು.

"ಗೆರೆ ಎಲ್ಲಿದೆ ಮಗು?"

ಅವಳು ಅವರ ಕೈಹಿಡಿದು ಪೆನ್ನಿನ ತುದಿಯನ್ನು ಗೆರೆಯ ಮೇಲಿಟ್ಟಳು.