ತಳದ ನೀರು

ದೋಣಿ ಮಾಲೀಕನ ಅಕ್ಕ ಬೆಳಿಗ್ಗೆ ಏಳಕ್ಕೇ ಠಾಣೆಗೆ ಬಂದು, ತಮ್ಮ ನಾಲ್ಕು ದಿನದಿಂದ ಕಾಣುತ್ತಿಲ್ಲವೆಂದು ದೂರು ಬರೆಸುತ್ತಿದ್ದಳು. ಸಹಿ ಬೀಳುವ ಮೊದಲೇ ಗಸ್ತಿನ ಪೇದೆಯ ಫೋನು ಬಂತು. ಬಂದರಿನಾಚೆಯ ಬಂಡೆಗಳ ಸಂದಿಯಲ್ಲಿ ಮಾಲೀಕನ ಹೆಣ ಸಿಕ್ಕಿತ್ತು. ಇನ್ಸ್‌ಪೆಕ್ಟರ್ ಆ ಹೆಂಗಸಿನ ಮುಖ ನೋಡಿದರು. ಬಾಯಿಬಿಟ್ಟು ಹೇಳುವ ಅಗತ್ಯವೇ ಬೀಳಲಿಲ್ಲ.

ಎಫ್‌ಐಆರ್ ಕೊಲೆಯದೇ ಆಯಿತು. ಪಂಚನಾಮೆಯಲ್ಲಿ ಬರೆದದ್ದು: ಹಿಂದಲೆ ಒಡೆದು ಮೂಳೆ ಒಳಕ್ಕೆ ಕುಸಿದಿದೆ, ಒಂದೇ ಏಟಲ್ಲ, ಬಿದ್ದ ಮೇಲೂ ಬಡಿದಿದ್ದಾರೆ, ಸೊಂಟಕ್ಕೆ ಲಂಗರಿನ ತೆಳು ಸರಪಳಿ ಸುತ್ತಿದೆ. ಸರಪಳಿಯ ವಿಷಯ ಹೊರಗೆ ಹೋಗಕೂಡದೆಂದು ಇನ್ಸ್‌ಪೆಕ್ಟರ್ ತಾಕೀತು ಮಾಡಿದರು. ಪಂಚರ ಬಾಯಿಯ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. ಇಬ್ಬರನ್ನೂ ಠಾಣೆಯ ಬೆಂಚಿನ ಮೇಲೆ ಕೂರಿಸಿ ಚಹಾದ ಮೇಲೆ ಚಹಾ ಕುಡಿಸಿದರು.

ಊರಿಗೆ ಮಾತ್ರ ತನಿಖೆಯೇ ಬೇಕಿರಲಿಲ್ಲ. ಹಿಂದಿನ ವಾರ ಮಾಲೀಕನೊಡನೆ ಕೈ ಕೈ ಮಿಲಾಯಿಸಿದ್ದ ಇಂಜಿನ್ ಮೆಕ್ಯಾನಿಕ್ ಗ್ರೀಸಣ್ಣನನ್ನು ಮಾಲೀಕನ ಕಡೆಯವರು ಎಳೆದು ತಂದು, ಅವನ ಬಲಗೈಯನ್ನು ಕಬ್ಬಿಣದ ಬಾಗಿಲ ಸಂದಿಗಿಟ್ಟು ಬಾಗಿಲು ಜಡಿದಿದ್ದರು. ಪೊಲೀಸರು ಬಿಡಿಸಿ ಆಸ್ಪತ್ರೆಗೆ ಸೇರಿಸುವಾಗ ಬೆರಳುಗಳು ದಿಕ್ಕಿಗೊಂದಾಗಿದ್ದವು. ಊರಿನ ವಾದ ಸರಳ. ಗಾಳಿ ನೆಲದಿಂದ ಕಡಲಿಗೆ ಬೀಸುತ್ತಿದೆ, ತೇಲುವುದೆಲ್ಲ ಹೊರಗೆ ಹೋಗುತ್ತಿದೆ. ಹಾಗಾಗಿ ಹೆಣ ಬಿದ್ದದ್ದು ದಡದಲ್ಲೇ, ಕೊಂದವನು ದೋಣಿ ಹತ್ತಿದರೆ ವಾಂತಿ ಮಾಡುವ ಗ್ರೀಸಣ್ಣನೇ.

"ಸಂಜೆಯೊಳಗೆ ನಿಜವಾದವನು ಸಿಗದಿದ್ರೆ ಆಸ್ಪತ್ರೆಗೇ ನುಗ್ಗಿ ಕೊಲ್ತಾರೆ ಮೇಡಂ," ಎಂದ ಹೆಡ್ ಕಾನ್‌ಸ್ಟೇಬಲ್.

ದೋಣಿಯವರಿಗೆ ಗಾಳಿ, ನೀರಿನ ಪಾಠ ಹೇಳುವ ಮೇಷ್ಟ್ರೊಬ್ಬರು ಬಂದರಿನಲ್ಲಿದ್ದರು. ತಮ್ಮದೇ ಸಣ್ಣ ದೋಣಿಯಲ್ಲಿ ಹೋಗಿ ನೀರಿನ ಬಿಸಿ, ಉಪ್ಪು ಅಳೆದು ಬರುವವರು. ಇನ್ಸ್‌ಪೆಕ್ಟರ್, ಹೆಡ್ ಕಾನ್‌ಸ್ಟೇಬಲ್ ಇಬ್ಬರೂ ಅವರ ಪಾಠದ ಕೋಣೆಗೆ ಹೋದರು.

"ಗಾಳಿ ಹೊರಗೆ ಬೀಸುವಾಗ ಹೆಣ ಒಳಗೆ ಹೇಗೆ ಬರುತ್ತೆ ಮೇಷ್ಟ್ರೇ?"

"ಗ್ರೀಸಣ್ಣನ ಕೈ ಮುರಿದ್ರಂತೆ?"

"ಮುರಿದ್ರು. ಜೀವ ತೆಗೆಯೋದೊಂದು ಬಾಕಿ."

ಮೇಷ್ಟ್ರು ಕರಿಹಲಗೆಯ ಕಡೆ ತಿರುಗಿದರು. "ಗಾಳಿ ತಳ್ಳೋದು ಮೇಲಿನ ನೀರನ್ನ. ಅದು ಹೊರಗೆ ಹೋದ್ರೆ ಕಡಲು ಜಾಗ ಖಾಲಿ ಬಿಡುತ್ತಾ? ತಳದ ತಣ್ಣನೆ ನೀರು ದಡಕ್ಕೆ ಬಂದು ಮೇಲೇಳುತ್ತೆ. ಈ ವಾರ ನೀರಿಗಿಳಿದವರನ್ನ ಕೇಳಿ, ಕಾಲು ಕೊರೆಯುತ್ತೆ ಅಂತಾರೆ. ಹೆಣ ದೂರದಲ್ಲಿ ಮುಳುಗಿತ್ತು, ಆ ನೀರಿನ ಜೊತೆ ಬಂತು. ಇದು ಗ್ರೀಸಣ್ಣನ ಕೆಲಸ ಅಲ್ಲ."

ಗುಟ್ಟು ಕಾಯಲೆಂದೇ ಇನ್ಸ್‌ಪೆಕ್ಟರ್ ಬಾಯಿಗೆ ಬಂದ ಸುಳ್ಳು ಹೇಳಿದರು. "ಸೊಂಟಕ್ಕೆ ಕಲ್ಲು ಕಟ್ಟಿದ್ರು. ಕಲ್ಲನ್ನೂ ಎಳ್ಕೊಂಡು ಬರುತ್ತಾ?"

"ತಪ್ಪು," ಎಂದರು ಮೇಷ್ಟ್ರು, ದಡ್ಡ ಶಿಷ್ಯನನ್ನು ತಿದ್ದುವ ಹಾಗೆ. "ಕಲ್ಲಾದ್ರೆ ಬಿದ್ದಲ್ಲೇ ಇರ್ತಿತ್ತು. ತೆಳು ಸರಪಳಿ, ಅದಕ್ಕೇ ಉರುಳಿಕೊಂಡು ಬಂತು."

"ಸರಪಳಿ ಅಂತ ನಾನು ಹೇಳ್ಲಿಲ್ಲವಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೇಷ್ಟ್ರು ಮೂಲೆಯಲ್ಲಿದ್ದ, ಅಳತೆಯ ಹಗ್ಗ ಸುತ್ತುವ ರಾಟೆಯ ಕಬ್ಬಿಣದ ಹಿಡಿ ಎತ್ತಿ ಬೀಸಿದರು. ಹೆಡ್ ಕಾನ್‌ಸ್ಟೇಬಲ್‌ನ ಭುಜದ ಮೂಳೆ ಲಟಕ್ಕೆಂದಿತು. ಎರಡನೆಯ ಏಟು ಇನ್ಸ್‌ಪೆಕ್ಟರ್ ತಲೆ ತಪ್ಪಿ ಕರಿಹಲಗೆಯನ್ನು ಸೀಳಿತು. ಇನ್ಸ್‌ಪೆಕ್ಟರ್ ಮೇಷ್ಟ್ರ ಕುತ್ತಿಗೆ ಹಿಡಿದು ಮುಖವನ್ನು ಮೇಜಿಗೆ ಕುಕ್ಕಿದರು. ಎರಡು ಹಲ್ಲು ಮೇಜಿನ ಮೇಲೆ ಉದುರಿದವು. ಹಿಡಿಗೆ ಸುತ್ತಿದ ಬಟ್ಟೆಯಲ್ಲಿ ಹಳೆಯ ರಕ್ತ ಒಣಗಿತ್ತು. ಅದನ್ನು ಜಪ್ತಿ ಮಾಡಿ, ಮೇಷ್ಟ್ರಿಗೆ ಬೇಡಿ ಹಾಕಿದರು.

ಜೀಪಿನಲ್ಲಿ ಮೇಷ್ಟ್ರು ತಾವಾಗಿಯೇ ಬಾಯಿಬಿಟ್ಟರು. ಕಳೆದ ವರ್ಷ ಅವರ ಒಬ್ಬನೇ ಮಗ ಆ ಮಾಲೀಕನ ದೋಣಿಯಿಂದ ಬಿದ್ದಿದ್ದ. ಹಾಕಿದ ಬಲೆ ಬಿಟ್ಟು ಬರಲಾಗದೆಂದು ಮಾಲೀಕ ದೋಣಿ ತಿರುಗಿಸಿರಲಿಲ್ಲ.

"ಗಾಳಿ ನೋಡಿ, ನೀರು ನೋಡಿ ದಿನಾ ಹುಡುಕಿದೆ. ಕಡಲು ಅವನನ್ನ ಕೊಡ್ಲಿಲ್ಲ. ಇವನ ಮನೆಯವರೂ ಹಾಗೇ ಕಾಯ್ಲಿ ಅಂತ ಮುಳುಗಿಸಿದೆ."

"ಹಾಗೇ ತೇಲಿಬಿಟ್ಟಿದ್ರೆ?"

"ಗಾಳಿ ಹೊರಗೆ ಒಯ್ತಿತ್ತು. ಯಾರಿಗೂ ಸಿಗ್ತಿರ್ಲಿಲ್ಲ." ಅವರು ರಕ್ತ ಉಗುಳಿದರು. "ನಾನೇ ಹೇಳೋ ಪಾಠ. ಸಿಟ್ಟಲ್ಲಿ ಮರೆತೆ."

ಕಾನ್‌ಸ್ಟೇಬಲ್‌ನನ್ನು ಇಳಿಸಲು ಜೀಪು ಆಸ್ಪತ್ರೆಯ ಮುಂದೆ ನಿಂತಿತು. ವರಾಂಡದಲ್ಲಿ ಅಕ್ಕ, ಬಿಳಿ ಬಟ್ಟೆಯಿಂದ ಹೊರಗಿದ್ದ ತಮ್ಮನ ಪಾದಗಳನ್ನು ಸೆರಗಿನಿಂದ ಒರೆಸುತ್ತಿದ್ದಳು. ಮೇಷ್ಟ್ರು ಜೀಪು ಹೊರಡುವವರೆಗೂ ಆ ಪಾದಗಳನ್ನೇ ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದರು.