ಎಡಕ್ಕೆ ಸುತ್ತಿದ ಬಸವನಹುಳು

“ನಿಮ್ಮ ಬಸವನಹುಳು ಎಡಕ್ಕೆ ಸುತ್ತಿಲ್ಲ ಮೇಡಂ... ಬಲಕ್ಕೇ ಸುತ್ತಿದೆ!”

ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ನಿಂತ ಅಪರಿಚಿತನ ಮೊದಲ ಮಾತೇ ಇದು. ನಮಸ್ಕಾರವಿಲ್ಲ, ಕುಶಲವಿಲ್ಲ! ಬಸವನಹುಳುಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಉರಿಯದೆ ಇರುತ್ತದೆಯೇ? ಆ ಜಾತಿಯ ಚಿಪ್ಪುಗಳೆಲ್ಲ ಬಲಕ್ಕೆ ಸುತ್ತುವಂಥವು. ಎಡಕ್ಕೆ ಸುತ್ತಿದ್ದು ಅವಳಿಗೊಬ್ಬಳಿಗೇ ಸಿಕ್ಕಿತ್ತು. ನಾಳೆ ವಿಜ್ಞಾನಿಗಳ ಸಭೆಯಲ್ಲಿ ಅದನ್ನೇ ತೋರಿಸುವವಳಿದ್ದಳು.

“ಯಾರು ನೀವು? ನನ್ನ ಮಾನ ಕಳೆಯೋಕೆ ಬಂದ್ರಾ?”

“ಮಾನ ಕಳೆಯೋದಾದ್ರೆ ನಾಳೆ ಬರ್ತಿದ್ದೆ. ಸಭೆಯಲ್ಲೇ ಎದ್ದು ನಿಂತು ಹೇಳ್ತಿದ್ದೆ.”

ಅವನು ಬೇರೆ ಊರಿನ ಕಾಲೇಜಿನಲ್ಲಿ ಚಿಪ್ಪುಗಳನ್ನೇ ಓದುವವನು. ಅವಳು ಎರವಲು ತಂದು ಸ್ಕ್ಯಾನ್ ಮಾಡಿ ಹಿಂತಿರುಗಿಸಿದ್ದ ಚಿಪ್ಪು ಅವನ ಕಾಲೇಜಿನದೇ. ಡಬ್ಬಿ ತೆರೆದು ಭೂತಗನ್ನಡಿ ಮುಂದಿಟ್ಟ.

ಸಾಸಿವೆಯಷ್ಟು ಚಿಪ್ಪು! ಬರಿಗಣ್ಣಿಗೆ ಏನು ಕಂಡೀತು? ಅವಳು ಕಂಪ್ಯೂಟರ್ ಪರದೆಯನ್ನೇ ನಂಬಿದ್ದಳು. ಈಗ ಬಗ್ಗಿ ನೋಡಿದಳು... ಬಲಕ್ಕೇ ಸುತ್ತಿತ್ತು.

“ನೀವು ಇಂಟರ್ನೆಟ್ಟಲ್ಲಿ ಎಲ್ಲರಿಗೂ ಸಿಗೋ ಹಾಗೆ ಹಾಕಿದ್ದೀರಲ್ಲ, ಪದರ ಪದರವಾಗಿ ತೆಗೆದ ಆ ಮೂಲ ಚಿತ್ರಗಳನ್ನ ನಾನೇ ಜೋಡಿಸಿ ನೋಡ್ದೆ. ನೀವು ಕೊನೇ ಪದರವನ್ನ ಮೊದಲು ಇಟ್ಟು, ಹಿಂದುಮುಂದಾಗಿ ಜೋಡಿಸಿದ್ರಿ. ಕನ್ನಡೀಲಿ ಆಗೋ ಹಾಗೆ ಬಲ ಎಡ ಆಗ್ಬಿಟ್ಟಿದೆ.”

ವಿಷಯ ಕೇಳಿದ ಅವಳ ಗೈಡ್ ಗುಡುಗಿದರು. “ನಾನು ಆಗ್ಲೇ ಬಡ್ಕೊಂಡೆ! ಕಂಡಕಂಡವರಿಗೆ ಹಂಚಿದ್ರೆ ಇನ್ನೇನಾಗತ್ತೆ? ಎಲ್ಲಾ ಫೈಲೂ ಅಳಿಸು. ಯಾರಿಗೂ ಗೊತ್ತಾಗಲ್ಲ.”

‘ಮೂರು ವರ್ಷದ ದುಡಿಮೆ... ನೀರಲ್ಲಿ ಹೋಮ!’ ಅವಳಿಗೆ ಅಳು ಉಕ್ಕಿ ಬಂತು. ಆದರೆ ತಡೆದುಕೊಂಡಳು. ಅಳುವ ಜಾತಿಯಲ್ಲ ನಮ್ಮ ಹುಡುಗಿ!

“ಇಲ್ಲ ಸರ್. ಒಂದು ಫೈಲನ್ನೂ ಮುಟ್ಟಲ್ಲ.”

ಮರುದಿನ ತುಂಬಿದ ಸಭೆಯಲ್ಲಿ ಅವಳು ನೇರವಾಗಿ ಮೈಕಿನ ಮುಂದೆ ನಿಂತಳು.

“ನಾನು ಹೇಳಿದ್ದ, ಎಡಕ್ಕೆ ಸುತ್ತಿದ ಚಿಪ್ಪು ಇಲ್ವೇ ಇಲ್ಲ. ತಪ್ಪು ನನ್ನದು. ಮೂಲ ಚಿತ್ರಗಳನ್ನ ಎಲ್ಲರಿಗೂ ಕೊಟ್ಟಿದ್ದಕ್ಕೇ ಆ ತಪ್ಪು ಸಿಕ್ತು. ನನ್ನ ಉಳಿದ ಸ್ಕ್ಯಾನುಗಳೂ ಅಲ್ಲೇ ಇವೆ. ದಯವಿಟ್ಟು ಪರೀಕ್ಷಿಸಿ!”

ಹಿಂದಿನ ಸಾಲಿನಿಂದ ಚಪ್ಪಾಳೆ ಶುರುವಾಯಿತು. ಗೈಡ್ ಮಾತ್ರ ಮುಖ ಗಂಟಿಕ್ಕಿಕೊಂಡು ಎದ್ದು ಹೋದರು.

ಅವನು ಹೊರಗೆ ಮೆಟ್ಟಿಲ ಬಳಿ ಕಾಯುತ್ತಿದ್ದ.

“ತಿದ್ದುಪಡಿಯಲ್ಲಿ ನಿಮ್ಮ ಹೆಸರು ಹಾಕ್ತೀನಿ. ಮುಚ್ಚಿಡೋದು ನನ್ನ ಕೈಲಾಗಲ್ಲ,” ಎಂದಳು.

“ಹಾಗಾದ್ರೆ ನಾನೂ ಮುಚ್ಚಿಡಲ್ಲ...” ಅವನ ಕಿವಿ ಕೆಂಪಾಯಿತು. “ಪ್ರತಿ ಸ್ಕ್ಯಾನಿನ ಕೆಳಗೂ ನೀವು ಬರೀತೀರಲ್ಲ, ‘ಇವನ ಚಿಪ್ಪಿನ ತುಟಿ ಮುರಿದಿದೆ, ನಗಬೇಡಿ’ ಅಂತ... ಅದನ್ನ ಓದ್ತಾ ಓದ್ತಾ ಚಿಪ್ಪು ಮರೆತೇಹೋಯ್ತು. ನೀವಂದ್ರೆ ನನಗೆ ತುಂಬಾ ಇಷ್ಟ.”

‘ಅಯ್ಯೋ, ಇಷ್ಟು ನೇರವಾಗಿ ಹೇಳೋದಾ!’ ಆದರೂ ಅವಳ ಮನಸ್ಸು ಯಾವಾಗಲೋ ಅವನ ಕಡೆ ವಾಲಿಬಿಟ್ಟಿತ್ತು.

“ಮನೆ ಇಲ್ಲೇ ಹತ್ತಿರ, ಬನ್ನಿ. ಆದ್ರೆ ಅಮ್ಮ ಕೇಳ್ತಾಳೆ, ಯಾರಿವರು ಅಂತ.”

“ಏನಂತೀರಿ?”

“ನನ್ನ ತಪ್ಪು ಹಿಡಿದವರು ಅಂತೀನಿ. ಜೀವನಪೂರ್ತಿ ಹಿಡಿಯೋಕೂ ಒಪ್ಪಿದ್ದಾರೆ ಅಂತೀನಿ.”

“ಒಪ್ಪಿದ್ದೀನಿ ಅಂತ ಯಾರು ಹೇಳಿದ್ದು?”

“ಒಪ್ಪಲ್ವಾ?”

“ಅಯ್ಯೋ... ಒಪ್ಪಿದೆ, ಒಪ್ಪಿದೆ!”